ಕಂಕುಳಲ್ಲಿ ನಿಂತ ವಾಕ್ಯ

ಪೆಟ್ಟಿಗೆ ಹದಿನೇಳು, ಚೂರು ನಾಲ್ಕು.
ಕರುವಿನ ಚರ್ಮ, ಹೊಗೆಬಣ್ಣ, ಎರಡು ಅಂಗೈ ಅಗಲ.
ನೂರು ವರ್ಷದ ಹಿಂದೆ ಪಟ್ಟಿ ಬರೆದ ಪಾದ್ರಿ
‘ಸ್ಥಿತಿ’ ಎಂಬ ಕಲಮಿನ ಕೆಳಗೆ ಬರೆದದ್ದು ಇಷ್ಟೇ:
‘ಹಾಳು. ಯಾವಳೋ ಹೆಂಗಸಿನ ಕೆಲಸ.’
ಅದರಡಿ ಅವರ ರುಜು,
ಬಾಲ ಸುತ್ತಿಸಿ, ಸುತ್ತಿದ ಬಾಲಕ್ಕೆ ಇನ್ನೊಂದು ಬಾಲ ಬಿಟ್ಟು
ಪುಟದ ಕಾಲುಭಾಗ ತಿಂದು ಕೂತಿದೆ.

ಅಕುರೇರಿಯ ಗ್ರಂಥಾಲಯದ ನೆಲಮಾಳಿಗೆ.
ಹೊರಗೆ ಮಧ್ಯಾಹ್ನ ಮೂರಕ್ಕೇ ಕತ್ತಲು.
ಒಳಗೆ ನಾನು, ದೀಪ, ಭೂತಗನ್ನಡಿ,
ಕೊಳವೆಯೊಳಗೆ ಬಿಸಿನೀರಿನ ಗೊಣಗು.

ಬರಹ ಕಾನೂನಿನದು. ದುಂಡನೆ, ತಾಳ್ಮೆಯ ಅಕ್ಷರ.
ದಡಕ್ಕೆ ಬಂದು ಬಿದ್ದ ತಿಮಿಂಗಿಲ ಯಾರದು,
ನೆಲದೊಡೆಯನಿಗೆ ಎಷ್ಟು, ಇಗರ್ಜಿಗೆ ಎಷ್ಟು,
ಮೊದಲು ಕಂಡವನು ಹಗ್ಗ ಬಿಗಿದು
ರಾತ್ರಿಯಿಡೀ ಕಾದಿದ್ದರೆ ಅವನಿಗೆ
ಅಲ್ಲಿಗೆ ಕತ್ತರಿ ಬಂದಿದೆ.
ಕಾನೂನು ಕಂಕುಳಲ್ಲಿ ನಿಂತಿದೆ.

ಕಂಕುಳೇ ಹೌದು. ಇದೀಗ ಹಾಳೆಯಲ್ಲ,
ಮಗುವೊಂದರ ಅಂಗಿಯ ಮುಂಭಾಗ,
ಅಳತೆಗೆಂದು ಕತ್ತರಿಸಿಟ್ಟುಕೊಂಡ ಮಾದರಿ.
ಕುತ್ತಿಗೆಗೆ ಗುಂಡು, ತೋಳಿಗೆ ಬಾಗು,
ಅಂಚಿನುದ್ದಕ್ಕೂ ಸೂಜಿಯ ತೂತು.
ಎಣಿಸಿದೆ: ಇನ್ನೂರ ಹನ್ನೆರಡು.
ಚಹಾ ಕುಡಿದು ಬಂದು ಎಣಿಸಿದೆ: ಇನ್ನೂರ ಹದಿನಾಲ್ಕು.
ಎರಡು, ಹುಳು ಕೊರೆದದ್ದಿರಬೇಕು.

ಕರುವಿನ ಎದೆಯ ಮೇಲಿದ್ದದ್ದು
ಮಗುವಿನ ಎದೆಯ ಅಳತೆಗೆ ಬಂತು.
ನಡುವೆ ಸ್ವಲ್ಪ ಕಾಲ ಕಾನೂನಾಗಿತ್ತು.

ಎಡಪಕ್ಕೆಗೆ ಬೆರಳಗಲದ ಒಂದು ಪಟ್ಟಿ,
ಅದೇ ಪುಸ್ತಕದ ಇನ್ನಾವುದೋ ಹಾಳೆಯದು,
ತಲೆಕೆಳಗಾಗಿ, ಅಕ್ಷರದ ಮೇಲೆ ಅಕ್ಷರ ಹತ್ತಿಸಿ
ನೀಲಿ ಉಣ್ಣೆಯ ದಾರದಲ್ಲಿ ಹೊಲಿದಿದ್ದಾಳೆ.
ಮಗು ಬೆಳೆದಿದೆ.

ರೇಕ್ಯಾವಿಕ್‌ನಿಂದ ಪ್ರೊಫೆಸರ್ ಐವಿಂದುರ್ ದಿನಾ ಫೋನು:
‘ಆ ಪಟ್ಟಿ ಬಿಚ್ಚಿಬಿಡಿ.
ಅದರಡಿಯ ನಾಲ್ಕು ಪದ ಬೇರೆ ಯಾವ ಪ್ರತಿಯಲ್ಲೂ ಉಳಿದಿಲ್ಲ.
ಕಂಡವನ ಪಾಲೆಷ್ಟು ಅಂತ
ಇವತ್ತಿನವರೆಗೆ ಯಾರಿಗೂ ಗೊತ್ತಿಲ್ಲ.
ಒಂಬತ್ತೇ ಒಂಬತ್ತು ಹೊಲಿಗೆ, ಅಲ್ಲವೇ?’

ಒಂಬತ್ತೇ. ಒಂದು ವಾರವಾಯಿತು,
ಸಣ್ಣ ಕತ್ತರಿ ಬಟ್ಟೆಯ ಮೇಲೆ ಮಲಗಿದೆ.

ಈ ಚೂರು ಸಿಕ್ಕ ಫಾರ್ಮಿನ ಜನಗಣತಿ ತರಿಸಿದೆ.
ಮನೆಯಲ್ಲಿ ಮೂವರು ಹೆಂಗಸರು,
ಒಬ್ಬಳು ಒಡತಿ, ಇಬ್ಬರು ಆಳು.
ಮೂವರ ಹೆಸರೂ ಇಂಗಿಬ್ಯೋರ್ಗ್.
ಬಡ ಕಾಲ, ಹೆಸರಿಗೂ ಬರ.
ಮಕ್ಕಳ ಪುಟಕ್ಕೆ ನೀರು ಬಿದ್ದಿದೆ,
ಮಸಿ ಕಲಸಿ, ಆರೋ ಎಂಟೋ ತಲೆಗಳು
ಒಂದೇ ಮೋಡವಾಗಿವೆ.

ನಿನ್ನೆ ಚೂರಿನ ಬೆನ್ನಿಗೆ ದೀಪ ಹಿಡಿದೆ.
ಪದಗಳು ಹಿಂದುಮುಂದಾಗಿ ಎದ್ದವು, ಮೀನಿನ ಮುಳ್ಳಿನಂತೆ.
ಮೂರು ಓದಿದೆ. ನಾಲ್ಕನೆಯದು ಅಂಕಿ,
ಬರೀ ನಿಂತ ಗೆರೆ. ಒಂದೋ, ಎರಡೋ.
ಎರಡನೆಯದು ಮಸಿಯೋ
ನೀಲಿ ದಾರದ ನೆರಳೋ ತಿಳಿಯದು.
ಹಗ್ಗ ಹಿಡಿದು ಚಳಿಯಲ್ಲಿ ಕೂತವನಿಗೆ
ಒಂದು ಪಾಲೋ, ಎರಡು ಪಾಲೋ!
ಬಿಚ್ಚಿದರೆ ಗೊತ್ತಾಗುತ್ತದೆ.
ಬಿಚ್ಚಿದ ಮೇಲೆ ಮತ್ತೆ ಹೊಲಿದರೆ
ಅದು ನನ್ನ ಹೊಲಿಗೆ.

ಕೊನೆಯ ಗಂಟು ಹತ್ತಿರದಿಂದ ನೋಡಿದೆ.
ಒಂದು ಸುತ್ತು ಹಾಕಿ ಸಾಲದೆಂದು ಇನ್ನೊಂದು ಸುತ್ತು,
ದಾರದ ತುದಿ ನಾರುನಾರು, ಹಲ್ಲಲ್ಲಿ ಕಡಿದದ್ದು.
ಮುಂದಿನ ಹಲ್ಲೊಂದು ಇರಲಿಲ್ಲವೇನೋ,
ಅಥವಾ ನಾನು ಹಾಗೆ ಅಂದುಕೊಳ್ಳುತ್ತಿದ್ದೇನೆ.

ಈ ದಿನ ಹೊಸ ಪಟ್ಟಿ ತುಂಬುವ ಕೆಲಸ.
ವಸ್ತು: ಚರ್ಮದ ಹಾಳೆ, ಕತ್ತರಿಸಿದ್ದು.
ವಿಷಯ: ತಿಮಿಂಗಿಲ, ಅಪೂರ್ಣ.
ಲಿಪಿಕಾರ: ತಿಳಿಯದು.
ಅದರ ಕೆಳಗೆ ಗೆರೆಯೆಳೆದು, ನಮೂನೆಯಲ್ಲಿಲ್ಲದ ಕಲಮು,
ದರ್ಜಿ: ಇಂಗಿಬ್ಯೋರ್ಗ್, ಮೂವರಲ್ಲಿ ಒಬ್ಬಳು.

ಫೋನು ಹೊಡೆದುಕೊಂಡಿತು. ಹೊಡೆದುಕೊಳ್ಳಲಿ.
‘ಸ್ಥಿತಿ’ಯ ಮುಂದೆ ಪೆನ್ನು ಬಹಳ ಹೊತ್ತು ನಿಂತು
ಆಮೇಲೆ ಬರೆಯಿತು:
ಐದು ವರ್ಷದ ಮಗುವಿಗೆ ಸರಿಹೋಗುತ್ತದೆ.